ಆನ್‌ಲೈನ್‌ನಲ್ಲಿ ಓಬೋ ಕೇಳಿ ಕೇಳಿ ನನ್ನ ಸೌಂಡೇ ನನಗೆ ಬೇಡವಾಗಿದೆ, ಕೇಳೋದು ನಿಲ್ಲಿಸ್ಲಾ?

ಓದುಗರ ಪ್ರಶ್ನೆ: “ನಾನು ಓಬೋ (ಶಹನಾಯಿ ಥರ ಜೋಡಿ ರೀಡ್ ಊದಿ ನುಡಿಸೋ ಪಾಶ್ಚಾತ್ಯ ಗಾಳಿವಾದ್ಯ) ಕಲಿಯೋಕೆ ಶುರು ಮಾಡಿ ಐದು ವರ್ಷ ಆಯ್ತು. ದೊಡ್ಡವಳಾದ್ಮೇಲೆ ಶುರು ಮಾಡಿದ್ದು, ನನ್ನ ವೃತ್ತಿ ಬೇರೆ. ರಾತ್ರಿ ಎಲ್ಲ ಕೆಲಸ ಮುಗಿದ್ಮೇಲೆ ಫೋನಲ್ಲಿ ಓಬೋ ಕಾನ್ಸರ್ಟೋ, ವಿಂಡ್ ಕ್ವಿಂಟೆಟ್, ಆರ್ಕೆಸ್ಟ್ರಾ ವಿಡಿಯೋ ನೋಡೋದೇ ನನಗೆ ದೊಡ್ಡ ಖುಷಿ ಆಗಿತ್ತು. ಈಗೊಂದು ವರ್ಷದಿಂದ ಆ ಖುಷಿ ಹೋಗ್ತಿದೆ. ನೋಡಿದ್ಮೇಲೆ ನನ್ನ ವಾದ್ಯ ಎತ್ಕೊಂಡ್ರೆ ಸೌಂಡ್ ತೆಳ್ಳಗೆ, ಕರ್ಕಶವಾಗಿ ಕೇಳ್ಸುತ್ತೆ. ಒಬ್ಬರ ಓಬೋ ದಪ್ಪಗೆ ಗಾಢವಾಗಿರುತ್ತೆ, ಇನ್ನೊಬ್ಬರದು ಹಗುರ, ನಾನು ಯಾರ ಥರ ನುಡಿಸ್ಬೇಕು ಅಂತಾನೇ ಗೊತ್ತಾಗಲ್ಲ. ಮೂರು ಥರದ ರೀಡ್ (ಬಾಯಲ್ಲಿಟ್ಟು ಊದೋ ಬೆತ್ತದ ಜೋಡಿ ಪಟ್ಟಿ) ತರಿಸ್ಕೊಂಡೆ, ಉಪಯೋಗ ಆಗ್ಲಿಲ್ಲ. ನನ್ನ ಟೀಚರ್ ಹೇಳ್ತಾರೆ ರೆಕಾರ್ಡಿಂಗ್ ಜಾಸ್ತಿ ಕೇಳಿದ್ರೆ ನಿನ್ನ ಟೋನ್ (ಸ್ವರದ ಗುಣ) ಹಾಳಾಗುತ್ತೆ ಅಂತ. ಸ್ನೇಹಿತರೊಬ್ರು ಹೇಳ್ತಾರೆ ಆನ್‌ಲೈನ್ ಆಡಿಯೋ ಎಲ್ಲ ಕಂಪ್ರೆಸ್ ಆಗಿರುತ್ತೆ, ಅದ್ರಲ್ಲಿ ಓಬೋ ಕೇಳೋದೇ ದಂಡ ಅಂತ. ಜೊತೆಗೆ ನುಡಿಸೋಕೆ ಹೋದ್ರೆ ಶ್ರುತಿನೂ ಕೂಡಲ್ಲ. ನನ್ನ ಓಬೋನೇ ಕೆಟ್ಟಿದ್ಯಾ? ಕೇಳೋದನ್ನ ನಿಲ್ಲಿಸ್ಬೇಕಾ?”

ಉತ್ತರ:

ನಿಲ್ಲಿಸ್ಬೇಡಿ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಪತ್ರ ಓದಿದ್ರೆ ನೀವು ಅರ್ಧ ನಿರ್ಧಾರ ಮಾಡ್ಬಿಟ್ಟಿರೋ ಹಾಗಿದೆ. ಓಬೋ ನುಡಿಸೋದು, ಕಲಿಸೋದು ನನ್ನ ವೃತ್ತಿ, ಮತ್ತೆ ಈ ಥರ ಮಾತು ನನ್ನ ಹತ್ರ ಕಲಿಯೋರಿಂದ ಪದೇ ಪದೇ ಕೇಳ್ತೀನಿ, ಅದ್ರಲ್ಲೂ ತಾವಾಗೇ ಇಷ್ಟಪಟ್ಟು ದೊಡ್ಡ ವಯಸ್ಸಲ್ಲಿ ಶುರು ಮಾಡಿದೋರಿಂದ, ಯಾಕಂದ್ರೆ ಅವ್ರಿಗೆ ವಾದ್ಯಕ್ಕಿಂತ ಮೊದ್ಲು ಸಿಕ್ಕಿದ್ದು ಕೇಳೋ ಸುಖ. ಆ ಸುಖ ಹೋದ್ರೆ ವಾದ್ಯನೂ ಪೆಟ್ಟಿಗೆಯಿಂದ ಹೊರಗೆ ಬರಲ್ಲ.

ನೀವು ಬೇರೆ ಬೇರೆ ಪ್ರಶ್ನೆ ಕೇಳಿದ್ರೂ ಬೇರು ಒಂದೇ. ರೆಕಾರ್ಡಿಂಗ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ್ದು ಟೋನ್, ನೀವು ಅದೊಂದನ್ನೇ ಹಿಡ್ಕೊಂಡು ಕೇಳ್ತಿದ್ದೀರಿ. ಉಳಿದಿದ್ದು, ಅಂದ್ರೆ ಉಸಿರು ಎಲ್ಲಿ ತಗೋತಾರೆ, ಸ್ವರ ಹೇಗೆ ಶುರು ಆಗುತ್ತೆ ಹೇಗೆ ಮುಗಿಯುತ್ತೆ, ಒಂದು ಸಾಲು ಎತ್ತ ಹೋಗ್ತಿದೆ, ಪಕ್ಕದ ಕ್ಲಾರಿನೆಟ್ ಜೊತೆ ಹೇಗೆ ಕೂಡ್ಕೋತಾರೆ, ಇದೆಲ್ಲ ಸಾಧಾರಣ ಹೆಡ್‌ಫೋನ್‌ನಲ್ಲೂ ಚೆನ್ನಾಗೇ ಬಂದು ತಲುಪುತ್ತೆ, ಆದ್ರೆ ಈಗ ಅದ್ರ ಕಡೆ ನಿಮ್ಮ ಗಮನವೇ ಇಲ್ಲ.

ಮೊದ್ಲು ಆ ಕಂಪ್ರೆಷನ್ ಮಾತು ಮುಗಿಸ್ಬಿಡೋಣ, ಅದು ಸುಲಭ. ಹಿಂದೆ ಇಂಟರ್‌ನೆಟ್ ನಿಧಾನ ಇದ್ದ ಕಾಲದ ಸಣ್ಣ ಸಣ್ಣ ಫೈಲ್‌ಗಳ ವಿಷಯಕ್ಕೆ ನಿಮ್ಮ ಸ್ನೇಹಿತರ ಮಾತು ಸರಿ ಇತ್ತು, ಆಗ ನಿಜವಾಗ್ಲೂ ಎಲ್ಲ ನೀರಲ್ಲಿ ಮುಳುಗಿದ ಹಾಗೆ ಕೇಳ್ಸ್ತಿತ್ತು. ಈಗ ದೊಡ್ಡ ವಿಡಿಯೋ ತಾಣಗಳಲ್ಲಿ ಬರೋ ಆಡಿಯೋ ಸಾಮಾನ್ಯವಾಗಿ ಸೆಕೆಂಡಿಗೆ 128ರಿಂದ 160 ಕಿಲೋಬಿಟ್ ಆಸುಪಾಸು ಇರುತ್ತೆ, ಶಬ್ದನ ಚಿಕ್ಕದು ಮಾಡೋ ತಂತ್ರಗಳೂ (ಕೋಡೆಕ್) ತುಂಬ ಸುಧಾರಿಸಿವೆ. ಇಂಥ ಕಂಪ್ರೆಷನ್‌ಗೆ ಕಷ್ಟ ಆಗೋದು ಕ್ಯಾಸ್ಟನೆಟ್, ಹಾರ್ಪ್ಸಿಕಾರ್ಡ್ ಥರ ಚುರುಕಾಗಿ ಟಕ್ ಅಂತ ಶುರುವಾಗೋ ಶಬ್ದಗಳು, ಚಪ್ಪಾಳೆ, ಸಿಂಬಲ್. ಒಂದೇ ಸಮನೆ ಹಿಡಿಯೋ ಓಬೋ ಸ್ವರ ಅದಕ್ಕೆ ಸುಲಭದ ಕೆಲಸ. ಹಾಲ್‌ನ ಅನುರಣನದ ಕೊನೆ ಎಳೆ ಸ್ವಲ್ಪ ಮಸುಕಾಗ್ಬಹುದು ಅಷ್ಟೆ. ಅದಕ್ಕೋಸ್ಕರ ಓಬೋ ಕೇಳೋದೇ ದಂಡ ಅನ್ನೋದು ತಪ್ಪು.

ಟೋನ್‌ನ ನಿಜವಾಗ್ಲೂ ಬದಲಾಯಿಸೋದು ಅದಕ್ಕೂ ಮುಂಚೆ ನಡೆಯೋ ಕೆಲಸ, ಮತ್ತೆ ಆಮೇಲೆ ನಿಮ್ಮ ಕೈಲಿರೋ ಫೋನ್. ಓಬೋದ ಸ್ವಭಾವ ಸ್ವಲ್ಪ ನೋಡಿ: ಇದರ ಕೆಳಗಿನ ಸ್ವರಗಳಲ್ಲಿ ಮೂಲ ಕಂಪನಕ್ಕಿಂತ ಅದರ ಜೊತೆಗೇ ಹುಟ್ಟೋ ಮೇಲಿನ ಕಂಪನಗಳು, ಅಂದ್ರೆ ಹಾರ್ಮೋನಿಕ್‌ಗಳೇ ಜೋರು. ಶಕ್ತಿ ಎಲ್ಲ ಸುಮಾರು 1000 ಹರ್ಟ್ಸ್ ಹತ್ರ ಒಂದ್ಕಡೆ, ಇನ್ನೂ ಮೇಲೆ 3000 ಹರ್ಟ್ಸ್ ಆಸುಪಾಸು ಇನ್ನೊಂದ್ಕಡೆ ಗುಂಪು ಕಟ್ಟಿರುತ್ತೆ, ಮನುಷ್ಯರ ಕಿವಿ ತುಂಬ ಚುರುಕಾಗಿರೋದೂ ಆ ಮೇಲಿನ ಜಾಗದಲ್ಲೇ. ಅದಕ್ಕೇ ಎರಡು ಮೂರು ಡಜನ್ ಪಿಟೀಲುಗಳ ನಡುವೆನೂ ಒಂದು ಓಬೋ ಕೇಳ್ಸುತ್ತೆ. ಈಗ ಮೈಕ್‌ನ ವಾದ್ಯದ ಹತ್ರ ಒಂದಡಿ ದೂರದಲ್ಲಿ ಇಟ್ರೆ ರೀಡ್‌ನ ಸುರ್ ಅನ್ನೋ ಶಬ್ದ, ಕೀಗಳ ಟಪಟಪ, ಆ ಮೇಲಿನ ಹೊಳಪು ಎಲ್ಲ ಎದ್ದು ಬರುತ್ತೆ. ಅದೇ ಮೈಕ್‌ನ ಹಾಲ್‌ನಲ್ಲಿ ಐದಾರು ಮೀಟರ್ ಹಿಂದೆ ಮೇಲಕ್ಕೆ ತೂಗು ಹಾಕಿದ್ರೆ ಅದೇ ಮನುಷ್ಯ ಅದೇ ರೀಡ್‌ನಲ್ಲಿ ನುಡಿಸಿದ್ದು ದುಂಡಗೆ, ಮೆತ್ತಗೆ, ನೀವು ಹೇಳೋ ಹಾಗೆ ಗಾಢವಾಗಿ ಕೇಳ್ಸುತ್ತೆ. ಅದ್ರ ಮೇಲೆ ಸೌಂಡ್ ಎಂಜಿನಿಯರ್ ಒಂಚೂರು ರಿವರ್ಬ್, ಅಂದ್ರೆ ಕೃತಕ ಅನುರಣನ, ಸೇರಿಸಿರ್ತಾರೆ. ಸ್ಟುಡಿಯೋ ರೆಕಾರ್ಡಿಂಗ್ ಆದ್ರೆ ಹಲವು ಟೇಕ್‌ಗಳಿಂದ ಒಳ್ಳೆ ಒಳ್ಳೆ ತುಂಡು ಜೋಡಿಸಿರ್ತಾರೆ, ಇದರಲ್ಲಿ ಗುಟ್ಟೇನೂ ಇಲ್ಲ, ಎಲ್ರೂ ಮಾಡೋದೇ. ರೆಕಾರ್ಡಿಂಗ್ ಕೇಳಿ ಒಬ್ಬರ ಟೋನ್ ಹೀಗೇ ಅನ್ನೋದು ಫೋಟೋ ನೋಡಿ ಬಟ್ಟೆಯ ಬಣ್ಣ ಹೇಳಿದ ಹಾಗೆ, ಬೆಳಕು ಯಾವ್ದು ಅಂತ ಗೊತ್ತಿಲ್ದೆ ಹೇಳೋಕಾಗಲ್ಲ.

ಆರ್ಕೆಸ್ಟ್ರಾದಲ್ಲಿ ಒಳ್ಳೆ ಓಬೋ ವಾದಕರ ಪಕ್ಕದ ಕುರ್ಚಿಯಲ್ಲಿ ಕೂತೋರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ. ಪಕ್ಕದಿಂದ ಕೇಳಿದ್ರೆ ಆ ಸೌಂಡಲ್ಲಿ ಒಂದು ಒರಟು ಅಂಚು ಇರುತ್ತೆ, ಚೂರು ಝುಂಯ್ ಅನ್ನುತ್ತೆ, ಗಾಳಿ ಸೋರೋದೂ ಕೇಳ್ಸುತ್ತೆ. ಸಭಾಂಗಣದ ಮಧ್ಯಕ್ಕೆ ಹೋಗಿ ಕೂತ್ರೆ ಆ ಒರಟು ದಾರಿಯಲ್ಲೇ ಸವೆದು ಹೋಗಿ ಬರೀ ಸ್ವರ ಬರುತ್ತೆ. ಅಷ್ಟು ದೂರ ಸ್ವರನ ತಲುಪಿಸೋದೂ ಆ ಅಂಚೇ. ನೀವು ನಿಮ್ಮ ಕೋಣೆಯಲ್ಲಿ ಕರ್ಕಶ ಅಂತ ತೆಗೆದು ಹಾಕೋಕೆ ಒದ್ದಾಡ್ತಿರೋದು ಬಹುಶಃ ಇದನ್ನೇ.

ಇನ್ನು ಫೋನ್. ಓಬೋದ ಅತಿ ಕೆಳಗಿನ ಬಿ ಫ್ಲಾಟ್ ಸುಮಾರು 233 ಹರ್ಟ್ಸ್. ಫೋನ್‌ನ ಸಣ್ಣ ಸ್ಪೀಕರ್‌ಗೆ ಆ ಜಾಗದಲ್ಲಿ ಶಕ್ತಿನೇ ಇಲ್ಲ, ಅದು ಮೇಲಿನ ಹಾರ್ಮೋನಿಕ್‌ಗಳನ್ನ ಮಾತ್ರ ಕೊಡುತ್ತೆ, ಮೂಲ ಸ್ವರನ ಮೆದುಳೇ ತುಂಬ್ಕೊಳ್ಳುತ್ತೆ, ಆದ್ರಿಂದ ಸ್ವರ ಯಾವ್ದು ಅಂತ ಗೊತ್ತಾಗುತ್ತೆ, ಮೈ ಮಾತ್ರ ಸಿಗಲ್ಲ. ನೀವು ಹಗುರ ಅಂತ ಬರೆದಿರೋ ಆ ಇನ್ನೊಬ್ಬ ವಾದಕರನ್ನ ಫೋನ್ ಸ್ಪೀಕರ್‌ನಲ್ಲಿ ಕೇಳಿದ್ರಾ ಹೆಡ್‌ಫೋನ್‌ನಲ್ಲಾ, ಒಂದ್ಸಲ ನೆನಪು ಮಾಡ್ಕೊಳ್ಳಿ. ಮನೆಯಲ್ಲಿ ಫೋನ್‌ನಲ್ಲೇ ರೆಕಾರ್ಡ್ ಮಾಡಿ ಹಾಕಿರೋ ವಿಡಿಯೋಗಳ ಕಥೆ ಇನ್ನೂ ಬೇರೆ, ಫೋನ್ ತಾನಾಗೇ ಮೆತ್ತಗಿನ ಶಬ್ದ ಎತ್ತುತ್ತೆ, ಜೋರು ಶಬ್ದ ಅದುಮುತ್ತೆ, ಹಾಗಾಗಿ ಅವ್ರು ಎಷ್ಟೇ ನಾಜೂಕಾಗಿ ಸ್ವರನ ಕರಗಿಸಿ ಮುಗಿಸಿದ್ರೂ ಅದು ನಿಮಗೆ ಒಂದೇ ಮಟ್ಟದಲ್ಲಿ ಬಂದು ಕಟ್ ಆದ ಹಾಗೆ ಕೇಳ್ಸುತ್ತೆ.

ಇಷ್ಟು ಸಾಲ್ದು ಅಂತ ನಿಮ್ಮನ್ನ ನೀವು ಕೇಳ್ಸ್ಕೊಳ್ಳೋ ಜಾಗವೇ ವಿಚಿತ್ರ. ಓಬೋದ ಶಬ್ದ ತೂತುಗಳಿಂದ ಮತ್ತೆ ಕೆಳಗಿನ ಬೆಲ್‌ನಿಂದ ಮುಂದಕ್ಕೆ ಹೋಗುತ್ತೆ, ನೀವಿರೋದು ಹಿಂದೆ. ಜೊತೆಗೆ ರೀಡ್ ಹಲ್ಲಿಗೆ ಒಂದು ತುಟಿಯಷ್ಟೇ ದೂರದಲ್ಲಿ ಇರೋದ್ರಿಂದ ಅದ್ರ ಕಂಪನ ತಲೆಬುರುಡೆಯ ಮೂಳೆಯಲ್ಲೇ ಕಿವಿಗೆ ಬರುತ್ತೆ. ಯಾವ ಶ್ರೋತೃವೂ ನಿಮ್ಮನ್ನ ಹಾಗೆ ಕೇಳಲ್ಲ. ಹೀಗಿರೋವಾಗ ಹಾಲ್‌ನಲ್ಲಿ ತೂಗಿದ ಮೈಕ್ ಹಿಡಿದ ಓಬೋನ, ತಲೆಬುರುಡೆಯೊಳಗಿಂದ ಕೇಳೋ ಓಬೋ ಪಕ್ಕ ಇಟ್ಟು ನಂದು ಚೆನ್ನಾಗಿಲ್ಲ ಅನ್ನೋದು ನಿಮಗೆ ನೀವೇ ಮಾಡ್ಕೊಳ್ಳೋ ಅನ್ಯಾಯ.

ನ್ಯಾಯವಾಗಿ ಹೋಲಿಸೋ ದಾರಿ ಇದೆ. ನಿಮ್ಮ ಮನೆಯಲ್ಲಿ ಇರೋದ್ರಲ್ಲಿ ಸ್ವಲ್ಪ ದೊಡ್ಡ, ಖಾಲಿ ಜಾಗ ನೋಡಿ. ಫೋನ್‌ನ ಎರಡು ಮೂರು ಮೀಟರ್ ದೂರ, ನಿಮ್ಮ ತಲೆಗಿಂತ ಒಂಚೂರು ಮೇಲೆ ಇಡಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಆಟೋ ಗೇನ್, ನಾಯ್ಸ್ ರಿಡಕ್ಷನ್ ಏನಿದ್ರೂ ಆಫ್ ಮಾಡಿ. (ವಿಡಿಯೋ ಕಾಲ್‌ನಲ್ಲಿ ಪಾಠ ಕೇಳೋರೂ ಇದನ್ನ ಗಮನಿಸಿ, ಓಬೋದ ಉದ್ದ ಸ್ವರನ ಆ ಸಾಫ್ಟ್‌ವೇರ್‌ಗಳು ಫ್ಯಾನ್ ಶಬ್ದ ಅಂದ್ಕೊಂಡು ಕತ್ತರಿಸ್ಬಿಡ್ತವೆ, ಟೀಚರ್‌ಗೆ ನಿಮ್ಮ ಟೋನ್ ಅರ್ಧ ಕೇಳ್ಸೋದೇ ಇಲ್ಲ.) ಎಂಟು ಸಾಲು ನಿಧಾನದ ಸಂಗೀತ ನುಡಿಸಿ, ಮಾರನೇ ದಿನ, ಅದೇ ದಿನ ಬೇಡ, ನೀವು ದೊಡ್ಡೋರನ್ನ ಕೇಳೋ ಅದೇ ಹೆಡ್‌ಫೋನ್‌ನಲ್ಲಿ ಕೇಳಿ. ಹೀಗೆ ಮಾಡಿದ ಬಹಳ ಜನ ಮೊದಲ ಸಲ ತಮ್ಮ ಟೋನ್ ಬಗ್ಗೆ ನಿರಾಳ ಆಗ್ತಾರೆ, ಆದ್ರೆ ಬೇರೆ ಏನೋ ಒಂದು ಎದ್ದು ಕಾಣುತ್ತೆ: ಸ್ವರಗಳ ನಡುವೆ ಸಂಪರ್ಕ ಇಲ್ಲ, ಸಾಲು ಮುಂದೆ ಹೋಗ್ತಿಲ್ಲ, ಎಲ್ಲ ಸ್ವರನೂ ಒಂದೇ ಥರ ಶುರು ಆಗ್ತಿದೆ. ಕೆಲಸ ಮಾಡ್ಬೇಕಾಗಿರೋದು ಅಲ್ಲಿ. ಈ ದಾರಿಯ ಅಪಾಯ ಒಂದೇ, ದಿನಾ ರೆಕಾರ್ಡ್ ಮಾಡೋಕೆ ಶುರು ಮಾಡಿದ್ರೆ ಅದೇ ಒಂದು ಚಟ ಆಗಿ ನುಡಿಸುವಾಗ್ಲೇ ಕಿವಿ ತಪ್ಪು ಹುಡುಕೋಕೆ ನಿಲ್ಲುತ್ತೆ. ವಾರಕ್ಕೊಮ್ಮೆ ಸಾಕು.

ಈಗ ನಿಮ್ಮ ಟೀಚರ್ ಮಾತು. ಅವ್ರು ಹೇಳಿದ್ದನ್ನ ನಾನು ತಳ್ಳಿ ಹಾಕಲ್ಲ, ಯಾಕಂದ್ರೆ ಅವ್ರು ಕಣ್ಣಾರೆ ಏನೋ ನೋಡಿ ಹೇಳಿರ್ತಾರೆ. ರೆಕಾರ್ಡಿಂಗ್ ಕೇಳೋದ್ರಿಂದ ಟೋನ್ ಹಾಳಾಗುತ್ತೆ ಅನ್ನೋದು ನಿಜ ಅಲ್ಲ. ಆದ್ರೆ ಆ ಗಾಢವಾದ ಸೌಂಡ್ ಬರ್ಲಿ ಅಂತ ನೀವು ಏನು ಮಾಡ್ತೀರಿ ಅನ್ನೋದ್ರಲ್ಲಿ ವಿಷಯ ಇದೆ. ಬಹಳ ವಿದ್ಯಾರ್ಥಿಗಳು ಗೊತ್ತಿಲ್ದೇ ರೀಡ್‌ನ ಕಚ್ತಾರೆ. ದವಡೆ ಬಿಗಿ ಆಗುತ್ತೆ, ರೀಡ್‌ನ ಬಾಯಿ ಮುಚ್ಕೊಳ್ಳುತ್ತೆ, ಒಳಗಿಂದ ಕೇಳಿದ್ರೆ ಹೊಳಪು ಕಡಿಮೆ ಆಗಿದ್ದಕ್ಕೆ ಆಹಾ ಗಾಢ ಆಯ್ತು ಅನ್ಸುತ್ತೆ, ಹೊರಗೆ ಕೂತೋರಿಗೆ ಹಿಂಡಿದ ಸಣ್ಣ ಸ್ವರ ಕೇಳ್ಸುತ್ತೆ, ಶ್ರುತಿ ಏರುತ್ತೆ, ಗಂಟಲು ಕಟ್ಟುತ್ತೆ, ಹತ್ತು ನಿಮಿಷಕ್ಕೆ ತುಟಿ ಸೋಲುತ್ತೆ. ನೀವು ಬರೆದಿರೋ ತೆಳ್ಳಗೆ, ಕರ್ಕಶ ಅನ್ನೋ ಎರಡು ಮಾತು, ಜೊತೆಗೆ ಶ್ರುತಿ ಕೂಡಲ್ಲ ಅನ್ನೋದು, ಈ ಮೂರನ್ನೂ ಸೇರ್ಸಿ ಓದಿದಾಗ ನನ್ನ ಮೊದಲ ಅನುಮಾನ ಇದರ ಮೇಲೇ.

ಪರೀಕ್ಷೆ ಮಾಡೋದು ಸುಲಭ. ವಿಡಿಯೋ ಏನೂ ನೋಡದ ಒಂದು ದಿನ, ವಾದ್ಯ ಚೆನ್ನಾಗಿ ಬೆಚ್ಚಗಾದ್ಮೇಲೆ, ಟ್ಯೂನರ್ (ಶ್ರುತಿ ತೋರಿಸೋ ಸಾಧನ) ಪರದೆ ಕಡೆ ನೋಡದೆ ಒಂದು ಉದ್ದ ಎ ಸ್ವರ ಹಿಡೀರಿ, ಸ್ವರ ನೆಲೆ ನಿಂತ್ಮೇಲೆ ಕಣ್ಣು ಬಿಟ್ಟು ಎಲ್ಲಿದೆ ಅಂತ ಬರ್ಕೊಳ್ಳಿ. ಇನ್ನೊಂದು ದಿನ ಅರ್ಧ ಗಂಟೆ ನಿಮ್ಮ ಮೆಚ್ಚಿನ ಗಾಢ ಟೋನ್‌ನವರನ್ನ ಕೇಳಿ, ಅದೇ ರೀಡ್‌ನಲ್ಲಿ, ಅಷ್ಟೇ ಬೆಚ್ಚಗಾದ ವಾದ್ಯದಲ್ಲಿ ಹಾಗೇ ಮಾಡಿ. ಕೇಳಿದ ದಿನ ಟ್ಯೂನರ್ ಮುಳ್ಳು ಮೇಲಕ್ಕೆ ಹೋಗಿದ್ರೆ ನೀವು ಕಚ್ತಿದ್ದೀರಿ. ಆಗ ಟೀಚರ್ ಹತ್ರ ಹೋಗಿ ರೆಕಾರ್ಡಿಂಗ್ ಕೇಳ್ಲಾ ಬೇಡ್ವಾ ಅಂತ ಕೇಳ್ಬೇಡಿ, ನನ್ನ ದವಡೆ ನೋಡಿ ಅಂತ ಕೇಳಿ. ಅವ್ರಿಗೂ ಬೇಕಾಗಿರೋದು ಅದೇ.

ರೆಕಾರ್ಡಿಂಗ್‌ನಿಂದ ಓಬೋ ನುಡಿಸೋರಿಗೆ ನಷ್ಟಕ್ಕಿಂತ ಲಾಭವೇ ಜಾಸ್ತಿ ಆಗಿದೆ ಅನ್ನೋದಕ್ಕೆ ಚರಿತ್ರೆಯಲ್ಲೇ ಉದಾಹರಣೆ ಇದೆ. ಇಂಗ್ಲೆಂಡಿನ ಲಿಯಾನ್ ಗೂಸೆನ್ಸ್, 1897ರಲ್ಲಿ ಹುಟ್ಟಿದವರು, 1932ರಲ್ಲಿ ಲಂಡನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಶುರುವಾದಾಗ ಅದರ ಮುಖ್ಯ ಓಬೋ ವಾದಕ. ವೈಬ್ರಾಟೋ, ಅಂದ್ರೆ ಸ್ವರದ ಸಣ್ಣ ಅಲುಗಾಟ, ಬಳಸಿ ಓಬೋನ ಹಾಡಿಸಿದ್ರು, ಅವರನ್ನ ಕೇಳಿದ ತಲೆಮಾರುಗಳು ಓಬೋ ಅಂದ್ರೆ ಹೀಗೂ ಇರ್ಬಹುದು ಅಂತ ಅಂದ್ಕೊಂಡಿದ್ದು ರೇಡಿಯೋ ಮತ್ತೆ 78 ಆರ್‌ಪಿಎಂ ತಟ್ಟೆಗಳಿಂದ. ಆ ತಟ್ಟೆಗಳ ಒಂದು ಮುಖಕ್ಕೆ ನಾಲ್ಕೈದು ನಿಮಿಷ, ಅದ್ರಲ್ಲೂ ಪೂರ್ತಿ ಗರಗರ ಸದ್ದು. ಇವತ್ತು ಅವು ಆನ್‌ಲೈನ್‌ನಲ್ಲಿ ಸಿಗ್ತವೆ, ಹಾಕಿ ಕೇಳಿ: ಟೋನ್ ಅನ್ನೋದು ಒಂದು ಎಳೆಯಷ್ಟು ಉಳಿದಿದೆ, ಆದ್ರೆ ಸಾಲು ಎಲ್ಲಿ ಏರುತ್ತೆ, ಎಲ್ಲಿ ಕಾಯುತ್ತೆ, ಯಾವ ಸ್ವರದ ಮೇಲೆ ಭಾರ ಹಾಕ್ತಾರೆ ಅನ್ನೋದು ಅಷ್ಟು ಗರಗರದ ಮಧ್ಯೆನೂ ಸ್ಪಷ್ಟ.

ಯಾರ ಥರ ನುಡಿಸ್ಬೇಕು ಅನ್ನೋ ನಿಮ್ಮ ಗೊಂದಲಕ್ಕೆ ಕಾರಣ ನೀವಲ್ಲ. ಆನ್‌ಲೈನ್‌ನಲ್ಲಿ ಒಂದಾದ್ಮೇಲೊಂದು ಬರೋ ವಿಡಿಯೋಗಳು ಬೇರೆ ಬೇರೆ ಪರಂಪರೆಯವು, ಅದನ್ನ ಯಾರೂ ಹೇಳಲ್ಲ. ಫ್ರಾನ್ಸ್‌ನಿಂದ ಬಂದ ಮಾರ್ಸೆಲ್ ಟಾಬೂಟೋ 1915ರಿಂದ 1954ರವರೆಗೆ ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ಇದ್ರು, ಅಲ್ಲಿಯ ಕರ್ಟಿಸ್ ಸಂಗೀತ ಶಾಲೆಯಲ್ಲಿ ಕಲಿಸಿದ್ರು, ಅಮೆರಿಕದ ಓಬೋ ಪರಂಪರೆಯ ಬಹುಪಾಲು ಅವರಿಂದ ಹರಿದು ಬಂದಿದ್ದು. ಅಲ್ಲಿಯ ರೀಡ್‌ನ ಉದ್ದಕ್ಕೂ ಕೆರೆದಿರ್ತಾರೆ, ಲಾಂಗ್ ಸ್ಕ್ರೇಪ್ ಅಂತಾರೆ, ಒಟ್ಟು ಉದ್ದ ಸಾಮಾನ್ಯವಾಗಿ 70 ಮಿಲಿಮೀಟರ್ ಆಸುಪಾಸು. ಯುರೋಪಿನ ಬಹಳ ಕಡೆ ತುದಿ ಭಾಗ ಮಾತ್ರ ಕೆರೆಯೋ ಶಾರ್ಟ್ ಸ್ಕ್ರೇಪ್, ಉದ್ದ 72ರ ಹತ್ರ. ವಿಯೆನ್ನಾ ಫಿಲ್ಹಾರ್ಮೋನಿಕ್‌ನಲ್ಲಂತೂ ವಾದ್ಯವೇ ಬೇರೆ, ಒಳಗಿನ ಕೊಳವೆ ಬೇರೆ, ಬೆರಳಿಡೋ ರೀತಿ ಬೇರೆ, ವೈಬ್ರಾಟೋ ತುಂಬ ಕಡಿಮೆ. ಆಲ್ಬ್ರೆಕ್ಟ್ ಮಾಯರ್, ಫ್ರಾಂಸ್ವಾ ಲಲೂ, ಹೈನ್ಸ್ ಹೋಲಿಗರ್ ಈ ಹೆಸರಾಂತ ಓಬೋ ವಾದಕರನ್ನ ಒಂದೇ ರಾತ್ರಿ ಕೇಳಿದ್ರೆ ಮೂರು ಬೇರೆ ಮನುಷ್ಯರು ಕೇಳ್ಸ್ತಾರೆ, ಕೇಳ್ಸ್ಬೇಕು ಕೂಡ.

ಇದ್ರಿಂದ ರೀಡ್ ಬಗ್ಗೆ ಒಂದು ಮಾತು. ವಿಡಿಯೋ ನೋಡಿ ರೀಡ್ ತರಿಸೋದನ್ನ ನಿಲ್ಲಿಸಿ, ನೀವು ದುಡ್ಡು ಕಳ್ಕೊಳ್ತಿರೋದು ಅಲ್ಲೇ. ರೀಡ್ ನಿಮ್ಮ ವಾದ್ಯಕ್ಕೆ, ನಿಮ್ಮ ಬಾಯಿಗೆ, ನೀವಿರೋ ಹವೆಗೆ ಕೂಡ್ಬೇಕು. ಒಂದು ಶೈಲಿಯ ಹಿಡಿತ ಕಲಿತ ತುಟಿಗೆ ಇನ್ನೊಂದು ಶೈಲಿಯ ರೀಡ್ ಕೊಟ್ರೆ ಶ್ರುತಿ ಒಂದ್ಕಡೆ, ತುಟಿ ಒಂದ್ಕಡೆ ಆಗುತ್ತೆ, ಮೂರು ಥರದ್ದು ಒಂದಾದ್ಮೇಲೊಂದು ಹಾಕಿದ್ರೆ ಯಾವ್ದಕ್ಕೂ ಒಗ್ಗೋಕೆ ಸಮಯನೇ ಸಿಗಲ್ಲ. ಟೀಚರ್ ಬಳಸೋ ಶೈಲಿಯದ್ದೇ ಒಂದನ್ನ ಹಿಡಿದು ಕೆಲವು ತಿಂಗಳು ಬದಲಾಯಿಸದೇ ಇರಿ.

ಇನ್ನು ಶ್ರುತಿ. ನಿಮ್ಮ ಓಬೋ ಕೆಟ್ಟಿದೆ ಅಂತ ಅನ್ನೋಕೆ ಪತ್ರದಲ್ಲಿ ಕಾರಣ ಏನೂ ಕಾಣ್ಲಿಲ್ಲ. ಆರ್ಕೆಸ್ಟ್ರಾ ಶ್ರುತಿ ಕೂಡಿಸ್ಕೊಳ್ಳೋ ಎ ಸ್ವರ ಅಂದ್ರೆ 440 ಹರ್ಟ್ಸ್ ಅಂತ 1939ರ ಲಂಡನ್ ಸಮ್ಮೇಳನದಲ್ಲಿ ಒಪ್ಕೊಂಡ್ರೂ ಎಲ್ರೂ ಅದನ್ನ ಪಾಲಿಸ್ತಿಲ್ಲ. ಯುರೋಪಿನ ಬಹಳ ಆರ್ಕೆಸ್ಟ್ರಾಗಳು 442, ಜರ್ಮನಿ ಆಸ್ಟ್ರಿಯಾ ಕಡೆ 443 ಸಾಮಾನ್ಯ. 440ಕ್ಕೂ 443ಕ್ಕೂ ನಡುವೆ ಹತ್ತಿರ ಹತ್ತಿರ 12 ಸೆಂಟ್ಸ್, ಅಂದ್ರೆ ಅರ್ಧ ಸ್ವರದ ಎಂಟನೇ ಒಂದು ಪಾಲು, ಜೊತೆಗೆ ನುಡಿಸಿದ್ರೆ ಖಂಡಿತ ಚುಚ್ಚುತ್ತೆ. ಬರೋಕ್, ಅಂದ್ರೆ ಬಾಖ್ ಕಾಲದ ಮಾದರಿಯ ವಾದ್ಯಗಳ ತಂಡ ಆದ್ರೆ 415, ಪೂರಾ ಅರ್ಧ ಸ್ವರ ಕೆಳಗೆ. ನೆದರ್ಲೆಂಡ್ಸ್ ಬಾಖ್ ಸೊಸೈಟಿಯವರು ಬಾಖ್‌ನ ಕೃತಿಗಳನ್ನ ಒಂದೊಂದಾಗಿ ಉಚಿತವಾಗಿ ಆನ್‌ಲೈನ್‌ನಲ್ಲಿ ಹಾಕ್ತಿದಾರಲ್ಲ, ಅದ್ರ ಓಬೋ ಜೊತೆ ನಿಮ್ಮ ಆಧುನಿಕ ಓಬೋ ಕೂಡೋ ಮಾತೇ ಇಲ್ಲ. ಹಳೇ ತಟ್ಟೆಗಳನ್ನ ಡಿಜಿಟಲ್ ಮಾಡುವಾಗ ವೇಗ ಚೂರು ತಪ್ಪಿದ್ರೂ ಶ್ರುತಿ ಜರುಗಿರುತ್ತೆ. ಇದನ್ನ ಸರಿ ಮಾಡೋಕೆ ರೀಡ್‌ನ ಹೊರಕ್ಕೆ ಎಳೀಬೇಡಿ, ಓಬೋದಲ್ಲಿ ಅದಕ್ಕೆ ಜಾಗ ಇಲ್ಲ, ಒಳಗೆ ಸಂದು ಬಿದ್ದು ಕೆಲವು ಸ್ವರಗಳು ಅಸ್ಥಿರ ಆಗ್ತವೆ. ಶ್ರುತಿ ಏರಿಸೋಕೆ ಕಚ್ಚಲೂಬೇಡಿ, ಮತ್ತೆ ಅದೇ ಹಳ್ಳಕ್ಕೆ ಬೀಳ್ತೀರಿ. ಆಡಿಯೋದ ಶ್ರುತಿ ಬದಲಾಯಿಸೋ ಆ್ಯಪ್‌ಗಳು ಸಾಕಷ್ಟಿವೆ, ರೆಕಾರ್ಡಿಂಗ್‌ನ ನಿಮ್ಮ ಶ್ರುತಿಗೆ ಇಳಿಸ್ಕೊಳ್ಳಿ. ಜೊತೆಗೆ ನುಡಿಸುವಾಗ ಬ್ಲೂಟೂತ್ ಬೇಡ, ಅದ್ರಲ್ಲಿ ಶಬ್ದ ಸೆಕೆಂಡಿನ ಹತ್ತನೇ ಒಂದು ಪಾಲೋ ಇನ್ನೂ ಹೆಚ್ಚೋ ತಡವಾಗಿ ಬರುತ್ತೆ, ತಂತಿ ಇರೋ ಹೆಡ್‌ಫೋನ್ ಹಾಕಿ ಒಂದು ಕಿವಿ ತೆರೆದಿಟ್ಕೊಳ್ಳಿ. ನಿಧಾನ ಮಾಡಿ ಕೇಳೋದೂ ಒಳ್ಳೇದೇ, ಕಷ್ಟದ ಬೆರಳು ಓಟ ತಿಳಿಯುತ್ತೆ, ಆದ್ರೆ ಮುಕ್ಕಾಲು ವೇಗದಲ್ಲಿ ವೈಬ್ರಾಟೋ ಕಲೀಬೇಡಿ, ಸೆಕೆಂಡಿಗೆ ಐದಾರು ಸಲ ಬರೋದು ಅಲ್ಲಿ ನಾಲ್ಕು ಸಲ ತೂಗಾಡೋ ಹಾಗೆ ಕೇಳ್ಸುತ್ತೆ.

ಈಗ ಕೇಳೋ ಸುಖದ ವಿಷಯಕ್ಕೆ ಬರ್ತೀನಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಇದೇ.

ಒಂದಿಷ್ಟು ದಿನ ಕೇಳೋದು ಪೂರ್ತಿ ಬಿಟ್ರೆ ಆಗುತ್ತಾ ಅಂದ್ರೆ, ಆಗುತ್ತೆ, ಒಂದೆರಡು ವಾರ ಬಿಟ್ರೆ ಹೋಲಿಕೆಯ ಬಿಸಿ ಇಳಿಯುತ್ತೆ. ಜಾಸ್ತಿ ದಿನ ಬಿಟ್ರೆ ತಲೆಯಲ್ಲಿರೋ ಸಂಗೀತ ಒಣಗುತ್ತೆ, ರೀಡ್ ಹೇಗೆ ಕೊಡುತ್ತೋ ಅಷ್ಟಕ್ಕೇ ಒಪ್ಕೊಂಡು ಬಿಡ್ತೀರಿ. ಅದಕ್ಕಿಂತ ಕೇಳೋ ರೀತಿ ಬದಲಾಯಿಸೋದು ಒಳ್ಳೇದು. ಅಭ್ಯಾಸದ ಕೇಳೋದು, ಖುಷಿಗೆ ಕೇಳೋದು ಇವೆರಡನ್ನ ಬೇರೆ ಬೇರೆ ಹೊತ್ತಿಗೆ ಇಡಿ. ಖುಷಿಗೆ ಕೇಳುವಾಗ ವಾದ್ಯ ಪೆಟ್ಟಿಗೆಯಲ್ಲೇ ಇರ್ಲಿ, ಕೇಳಿದ ತಕ್ಷಣ ಎತ್ಕೋಬೇಡಿ. ತುಣುಕು ವಿಡಿಯೋ ಬೇಡ, ಒಂದು ಕೃತಿ ಪೂರ್ತಿ. ದುಡ್ಡು ಕೊಟ್ಟು ನೋಡೋ ಬರ್ಲಿನ್ ಫಿಲ್ಹಾರ್ಮೋನಿಕ್‌ನ ಡಿಜಿಟಲ್ ಕಾನ್ಸರ್ಟ್ ಹಾಲ್ ಆಗ್ಲಿ, ಫ್ರಾಂಕ್‌ಫರ್ಟ್ ರೇಡಿಯೋ ಸಿಂಫನಿಯವರು ಪುಕ್ಕಟೆ ಹಾಕಿರೋದಾಗ್ಲಿ, ಕ್ಯಾಮೆರಾ ಓಬೋ ಸೋಲೋ ಬಂದಾಗ ಹತ್ರ ಹೋಗುತ್ತೆ, ನಮ್ಮಂಥವ್ರಿಗೆ ಅದು ದೊಡ್ಡ ಉಪಕಾರ, ಹಾಲ್‌ನ ಹಿಂದಿನ ಸಾಲಲ್ಲಿ ಕೂತ್ರೆ ವಾದಕರ ಉಸಿರು ಕಾಣಲ್ಲ.

ಉಸಿರು ಅಂದಿದ್ದಕ್ಕೆ ಹೇಳ್ತೀನಿ, ರಿಚರ್ಡ್ ಸ್ಟ್ರಾಸ್ 1945ರಲ್ಲಿ ಬರೆದ ಓಬೋ ಕಾನ್ಸರ್ಟೋದ ಶುರು ನೋಡಿ. ಅಮೆರಿಕದ ಸೈನಿಕನಾಗಿ ಹೋಗಿದ್ದ ಓಬೋ ವಾದಕ ಜಾನ್ ಡಿ ಲ್ಯಾನ್ಸಿ ಕೇಳಿದಾಗ ಓಬೋಗೆ ಬರಿಯೋ ಯೋಚನೆ ಇಲ್ಲ ಅಂದಿದ್ದ ಸ್ಟ್ರಾಸ್ ಆಮೇಲೆ ಬರೆದಿದ್ದು ಅದು. ಚೆಲ್ಲೋಗಳು ನಾಲ್ಕು ಸ್ವರದ ಒಂದು ಸಣ್ಣ ಗುನುಗು ಕೊಡ್ತವೆ, ಓಬೋ ಒಳಗೆ ಬರುತ್ತೆ, ಆಮೇಲೆ ನಿಲ್ಲೋಕೆ ಜಾಗವೇ ಇಲ್ಲ. ಓಬೋದಲ್ಲಿ ಕಷ್ಟ ಗಾಳಿ ಸಾಲದೇ ಇರೋದಲ್ಲ, ರೀಡ್‌ನ ಬಾಯಿ ಅಷ್ಟು ಸಣ್ಣದು, ಗಾಳಿ ಒಳಗೇ ಉಳಿದು ಹಳತಾಗುತ್ತೆ. ಆದ್ದರಿಂದ ವಾದಕರು ಎಲ್ಲೋ ಒಂದ್ಕಡೆ ಬರೀ ಹೊರಗೆ ಬಿಡ್ತಾರೆ, ಇನ್ನೊಂದ್ಕಡೆ ಒಳಗೆ ತಗೋತಾರೆ, ಕೆಲವ್ರು ಸರ್ಕ್ಯುಲರ್ ಬ್ರೀದಿಂಗ್ (ಕೆನ್ನೆಯ ಗಾಳಿಯಿಂದ ಊದ್ತಾನೇ ಮೂಗಿಂದ ಉಸಿರೆಳೆಯೋದು) ಮಾಡ್ತಾರೆ. ಮೂರು ನಾಲ್ಕು ಜನರ ವಿಡಿಯೋ ಹಾಕಿ ಅವ್ರ ಕೆನ್ನೆ, ಭುಜ, ಮೂಗು ಮಾತ್ರ ನೋಡಿ. ಒಬ್ಬೊಬ್ರು ಒಂದೊಂದು ಜಾಗ ಆರಿಸ್ಕೊಂಡಿರ್ತಾರೆ, ಅದಕ್ಕೆ ತಕ್ಕ ಹಾಗೆ ಸಾಲಿನ ಅರ್ಥನೇ ಬದಲಾಗಿರುತ್ತೆ.

ಬೆಂಜಮಿನ್ ಬ್ರಿಟನ್ ಅನ್ನೋ ಇಂಗ್ಲಿಷ್ ಸಂಗೀತಕಾರ 1951ರಲ್ಲಿ ಒಂಟಿ ಓಬೋಗೆ ಬರೆದ ‘ಆರು ರೂಪಾಂತರಗಳು’ ಕೃತಿಯಲ್ಲಿ ಮೊದಲನೇದು ಪ್ಯಾನ್, ಅದಕ್ಕೆ ಕಟ್ಟುನಿಟ್ಟಿನ ತಾಳ ಇಲ್ಲ. ಅದನ್ನ ಬೇರೆ ಬೇರೆಯವರಿಂದ ಕೇಳುವಾಗ ಮೌನಗಳ ಉದ್ದ ಮಾತ್ರ ಗಮನಿಸಿ. ಟೋನ್ ಕಡೆ ಕಿವಿ ಹೋದ್ರೆ ಎಳೆದು ತನ್ನಿ.

ಮತ್ತೆ ಓಬೋ ಮಾತ್ರನೇ ಕೇಳ್ಬೇಡಿ, ಬರೀ ನಮ್ಮ ವಾದ್ಯನೇ ಕೇಳ್ತಿದ್ರೆ ಕಿವಿ ಪರೀಕ್ಷಕನ ಕುರ್ಚಿಯಿಂದ ಏಳೋದೇ ಇಲ್ಲ. ಮೊಜಾರ್ಟ್‌ನ ಗ್ರಾನ್ ಪಾರ್ಟಿಟಾ ಗೊತ್ತಿರ್ಬೇಕಲ್ಲ, ಹನ್ನೆರಡು ಗಾಳಿವಾದ್ಯ, ಒಂದು ಡಬಲ್ ಬಾಸ್. ಅದರ ಮೂರನೇ ಭಾಗ ಅಡಾಜಿಯೋದಲ್ಲಿ ಕೆಳಗೆ ಒಂದು ಹಿಂಜರಿಯೋ ಮಿಡಿತ ಶುರು ಆಗಿರುತ್ತೆ, ಅದ್ರ ಮೇಲೆ ಎತ್ತರದಲ್ಲಿ ಓಬೋ ಒಂದೇ ಒಂದು ಸ್ವರ ಹಿಡಿಯುತ್ತೆ. ಆ ಸ್ವರ ಶುರು ಆಗಿದ್ದು ಯಾವಾಗ ಅಂತ ಗೊತ್ತಾಗ್ಬಾರ್ದು, ಒಳ್ಳೆ ವಾದಕರದ್ದು ಗೊತ್ತಾಗಲ್ಲ. ಅದು ಮುಗಿಯೋ ಹೊತ್ತಿಗೆ ಕ್ಲಾರಿನೆಟ್ ಎತ್ಕೊಳ್ಳುತ್ತೆ. ಓಬೋ ವಾದಕ ಇಲ್ಲಿ ಕ್ಲಾರಿನೆಟ್‌ಗೆ ಜಾಗ ಮಾಡಿ ಕೊಡ್ತಾ ಮುಗಿಸ್ತಾನೆ, ಕ್ಲಾರಿನೆಟ್ ಅದೇ ಮಟ್ಟದಿಂದ ಹಿಡ್ಕೊಳ್ಳುತ್ತೆ, ಆ ಒಂದು ಕೈ ಬದಲಾವಣೆಯಲ್ಲಿ ಯಾರ ಟೋನ್ ಎಷ್ಟು ಗಾಢ ಅನ್ನೋ ಪ್ರಶ್ನೆನೇ ಏಳಲ್ಲ, ಒಬ್ರನ್ನ ಒಬ್ರು ಎಷ್ಟು ಕೇಳ್ಸ್ಕೊಳ್ತಿದಾರೆ ಅನ್ನೋದೇ ಮುಖ್ಯ ಆಗುತ್ತೆ. ನನಗೆ ಇವತ್ತಿಗೂ ಆ ಜಾಗ ಬಂದ್ರೆ ಕೈಯಲ್ಲಿರೋ ಕೆಲಸ ನಿಲ್ಲುತ್ತೆ. ಕ್ವಿಂಟೆಟ್ ಇಷ್ಟ ಅಂದಿದ್ದೀರಿ, ಹಾಗಾದ್ರೆ ನೀಲ್ಸನ್ 1922ರಲ್ಲಿ ಬರೆದ ವಿಂಡ್ ಕ್ವಿಂಟೆಟ್, ಲಿಗೆಟಿಯ ಆರು ಬ್ಯಾಗಟೆಲ್ ಕೂಡ ಹಾಕಿ, ಐದು ಜನ ಕಣ್ಣಲ್ಲೇ ಮಾತಾಡ್ಕೊಳ್ಳೋದನ್ನ ವಿಡಿಯೋದಲ್ಲಿ ನೋಡೋದೇ ಒಂದು ಸಂಭ್ರಮ.

ಹೊಸ ಹೆಡ್‌ಫೋನ್ ತಗೋಬೇಕಾ ಅನ್ನೋದು ನೀವು ಕೇಳ್ದೇ ಇದ್ರೂ ಮುಂದೆ ಬರೋ ಪ್ರಶ್ನೆ. ಫೋನ್ ಸ್ಪೀಕರ್ ಬಿಟ್ಟು ಸಾಧಾರಣವಾದ, ತಂತಿ ಇರೋ, ಬಾಸ್ ಉಬ್ಬಿಸದ ಒಂದು ಹೆಡ್‌ಫೋನ್‌ಗೆ ಬಂದ್ರೆ ದೊಡ್ಡ ವ್ಯತ್ಯಾಸ ಗೊತ್ತಾಗುತ್ತೆ, ಅಲ್ಲಿಂದ ಮೇಲೆ ದುಬಾರಿ ಆದಷ್ಟೂ ವ್ಯತ್ಯಾಸ ಸಣ್ಣದು. ವಾಲ್ಯೂಮ್ ಮಾತ್ರ ಹುಷಾರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರೋದು ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ, ಅದಕ್ಕಿಂತ ಜೋರಾದ್ರೆ ಹೊತ್ತು ಬೇಗ ಬೇಗ ಕಡಿಮೆ ಆಗುತ್ತೆ. ಓಬೋ ನುಡಿಸುವಾಗ್ಲೇ ಕಿವಿ ಹತ್ರ 80 ದಾಟೋದು ಸಾಮಾನ್ಯ, ಅಭ್ಯಾಸ ಮಾಡಿದ ರಾತ್ರಿಯೇ ಜೋರಾಗಿ ಕೇಳಿದ್ರೆ ಎರಡೂ ಸೇರುತ್ತೆ. ದಣಿದ ಕಿವಿಗೆ ಎಲ್ಲ ಸೌಂಡೂ ಮಂಕಾಗಿ ಕೇಳ್ಸುತ್ತೆ, ಮತ್ತೆ ವಾಲ್ಯೂಮ್ ಏರ್ಸ್ತೀರಿ. ಅಭ್ಯಾಸ ಜಾಸ್ತಿ ಆದ ದಿನ ಮೆತ್ತಗೆ ಕೇಳಿ, ಇಲ್ಲ ಮಾರನೇ ದಿನಕ್ಕೆ ಬಿಡಿ.

ಸದ್ಯಕ್ಕೆ ಆ ಟ್ಯೂನರ್ ಪರೀಕ್ಷೆ ಮತ್ತೆ ಎರಡು ಮೂರು ಮೀಟರ್ ದೂರದ ರೆಕಾರ್ಡಿಂಗ್, ಈ ಎರಡು ಮಾಡಿ ನೋಡಿ. ಕೇಳಿದ ದಿನ ಮುಳ್ಳು ಎಷ್ಟು ಮೇಲೆ ಹೋಯ್ತು, ನೀವು ಬಳಸೋ ರೀಡ್‌ನ ಒಟ್ಟು ಉದ್ದ ಎಷ್ಟು, ಸ್ಟೇಪಲ್ (ರೀಡ್ ಕಟ್ಟಿರೋ ಲೋಹದ ಕೊಳವೆ) 46 ಮಿಲಿಮೀಟರ್‌ದ್ದಾ 47ರದ್ದಾ, ನಿಮ್ಮ ಟೀಚರ್ ಯಾವ ಶೈಲಿ ಕಲಿಸ್ತಾರೆ ಅನ್ನೋದನ್ನ ಬರೆದು ಕಳ್ಸಿ. ಎರಡೂ ದಿನ ಮುಳ್ಳು ಒಂದೇ ಕಡೆ ನಿಂತಿದ್ರೆ ನನ್ನ ಅನುಮಾನ ದವಡೆಯಿಂದ ರೀಡ್ ಕಡೆಗೆ ತಿರುಗುತ್ತೆ, ಆಗ ಅದ್ರ ಬಗ್ಗೆ ಬೇರೆನೇ ಬರೀತೀನಿ.